ಚಿತ್ರದ ಬೆನ್ನಿನ ಮಾತು

ಗಾಳೆಮ್ಮನ ಕೆಲಸ ಕಾಲೇಜುಗಳ ತಪ್ಪು ಹಿಡಿಯುವುದು. ಯಾರಾದರೂ ಕೇಳಿದರೆ ಆಕೆ ಹಾಗೇ ಹೇಳುತ್ತಿದ್ದಳು, ಅದೂ ಒಂಚೂರು ಜಂಬದಿಂದಲೇ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೆಕ್ಯಾನಿಕ್ ಯೂಸುಫ್ ಸಾಬರ ಮಗ ಅಕೀಲ ಒಂದು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಕೆಳಗೆ ಅಪ್ಪನ ಗ್ಯಾರೇಜು, ಮೇಲೆ ಮಗನ ಸೆಂಟರು. ಗ್ಯಾರೇಜಿನ ಸುತ್ತಿಗೆ ಸದ್ದು ನಿಂತರೆ ಊಟದ ಹೊತ್ತಾಯಿತೆಂದು ಗಾಳೆಮ್ಮನಿಗೆ ಗೊತ್ತಾಗುತ್ತಿತ್ತು. ಹುಟ್ಟಿನಿಂದಲೇ ಆಕೆಗೆ ಕಣ್ಣು ಕಾಣುವುದಿಲ್ಲ. ಕೂಡ್ಲಿಗಿ ಕಡೆಯ ತನ್ನೂರು ಗುಡೇಕೋಟೆಯಿಂದ ಬಳ್ಳಾರಿಯ ಅಂಧರ ಶಾಲೆಗೆ ಹೋಗಿ ಓದಿ, ಬಿ.ಎ. ಮುಗಿಸಿ, ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರನ್ನು ಪಳಗಿಸಿಕೊಂಡು ಬಂದವಳು.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ಕಾಲೇಜುಗಳಿಗೆಲ್ಲ ವೆಬ್‌ಸೈಟಿನ ಹುಚ್ಚು ಹಿಡಿದಿದ್ದ ಕಾಲ. ಕಟ್ಟಡಕ್ಕೆ ಸುಣ್ಣ ಹೊಡೆಸದವರೂ ವೆಬ್‌ಸೈಟಿಗೆ ಬಣ್ಣ ಬಳಿಸುತ್ತಿದ್ದರು. ಇಂಥದ್ದರಲ್ಲಿ ಮಾನ್ಯತೆ ಕೊಡಲು ಬರುವ ತಂಡದವರು ಹೊಸದೊಂದು ಪ್ರಶ್ನೆ ಹಿಡಿದುಕೊಂಡು ಬರತೊಡಗಿದರು: ನಿಮ್ಮ ವೆಬ್‌ಸೈಟನ್ನು ಅಂಗವಿಕಲರೂ ಬಳಸಬಹುದೇ? ಇಲ್ಲ ಎಂದರೆ ಅಂಕ ಕಡಿಮೆ, ಅಂಕ ಕಡಿಮೆಯಾದರೆ ಮಾನ್ಯತೆಗೆ ಕುತ್ತು. ಆಡಳಿತ ಮಂಡಳಿಯವರು ಗಾಬರಿ ಬಿದ್ದು ಅಕೀಲನ ಹತ್ತಿರ ಓಡಿ ಬಂದರು. ಅಕೀಲ ಗಾಳೆಮ್ಮನ ಹತ್ತಿರ ಬಂದ.

"ನೀ ಕೇಳಿ ಹೇಳು ತಂಗಿ. ನಿನಗ ತಿಳಿದ್ರ ಎಲ್ಲಾರಿಗೂ ತಿಳೀತೈತಿ," ಎಂದ.

ಅಲ್ಲಿಂದ ಇಬ್ಬರೂ ಕಾಲಿಗೆ ಚಕ್ರ ಕಟ್ಟಿಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ತಿರುಗಿದರು. ತಪ್ಪುಗಳಿಗೇನು ಬರವೇ! ಕೊಟ್ಟೂರಿನ ಒಂದು ಕಾಲೇಜು ತನ್ನ ಚರಿತ್ರೆಯನ್ನೆಲ್ಲ ಹಳೆಯ ಟೈಪಿಂಗ್ ಫಾಂಟಿನಲ್ಲಿ ಹಾಕಿತ್ತು. ಕಣ್ಣಿಗೆ ಅದು ಮುತ್ತಿನಂಥ ಕನ್ನಡ, ಒಳಗೆ ಮಾತ್ರ ಇಂಗ್ಲಿಷಿನ ಚಿತ್ರವಿಚಿತ್ರ ಗುರುತುಗಳ ರಾಶಿ. ಮಿಷನ್ನು ಅದನ್ನು ಓದತೊಡಗಿದರೆ ಸನ್ನಿ ಹಿಡಿದವರ ಬಡಬಡಿಕೆ. ಹಡಗಲಿಯಲ್ಲಿ ಪ್ರಿನ್ಸಿಪಾಲರ ಫೋಟೋ ಬಂದಾಗ ಮಿಷನ್ನು 'ಗ್ರಾಫಿಕ್' ಎಂದಷ್ಟೇ ಹೇಳಿ ಮುಂದೆ ಹೋಯಿತು. "ಸರ್, ಇದು ನಿಮ್ಮನ್ನ ಗುರುತು ಹಿಡೀವಲ್ದು," ಎಂದು ಗಾಳೆಮ್ಮ ಹೇಳಿದ್ದಕ್ಕೆ ಆ ಪುಣ್ಯಾತ್ಮರು ಇನ್ನೂ ದೊಡ್ಡ ಫೋಟೋ ಹಾಕಿಸಲು ಹೊರಟಿದ್ದರು.

ಆಗ ಆಕೆ ಅವರಿಗೆ ತಿಳಿಸಿ ಹೇಳಬೇಕಾಯಿತು. ಚಿತ್ರ ಹಾಕುವಾಗ ಅದರ ಹಿಂದೆ, ಕಣ್ಣಿಗೆ ಕಾಣದ ಹಾಗೆ, ಒಂದೆರಡು ಸಾಲು ಬರೆದಿಡಬಹುದು. ಕಣ್ಣಿದ್ದವರು ಚಿತ್ರ ನೋಡುತ್ತಾರೆ, ಇಲ್ಲದವರಿಗೆ ಮಿಷನ್ನು ಆ ಸಾಲು ಓದುತ್ತದೆ. ಅದಕ್ಕೆ ಇಂಗ್ಲಿಷಿನ ಹೆಸರೊಂದಿತ್ತು; ಅದು ಯಾರ ನಾಲಿಗೆಗೂ ಹತ್ತಲಿಲ್ಲವಾಗಿ ಗಾಳೆಮ್ಮ 'ಬೆನ್ನಿನ ಮಾತು' ಎಂದು ಕರೆದಳು. ಆ ಹೆಸರು ನಿಂತುಬಿಟ್ಟಿತು. ಸುತ್ತಲಿನ ಊರುಗಳ ಕಾಲೇಜು ಆಫೀಸುಗಳಲ್ಲಿ "ಬೆನ್ನಿನ ಮಾತು ಬರೆದ್ರೇನ್ರಿ?" ಎಂದು ಗುಮಾಸ್ತರು ಒಬ್ಬರನ್ನೊಬ್ಬರು ಕೇಳಿಕೊಳ್ಳುವಂತಾಯಿತು. ಅಕೀಲ ಬರೆಯುವುದು, ಗಾಳೆಮ್ಮ ಮಾತು ಹೇಳಿಕೊಡುವುದು.

ಆಕೆಗೆ ಆ ಮಿಷನ್ನಿನ ಮೇಲಿದ್ದ ಪ್ರೀತಿ ಅಷ್ಟಿಷ್ಟಲ್ಲ. ಹುಟ್ಟಿದಾಗಿನಿಂದ ಯಾರ್ಯಾರದೋ ಬಾಯಲ್ಲಿ ಓದಿಸಿಕೊಂಡು ಬೆಳೆದವಳು. ಹಾಸ್ಟೆಲಿನ ಹುಡುಗಿಯರು ಪುಸ್ತಕ ಓದಿ ಹೇಳುತ್ತಾ ಆಕಳಿಸುತ್ತಿದ್ದರು, ಬೇಸರವಾದಲ್ಲಿ ಪುಟ ಹಾರಿಸುತ್ತಿದ್ದರು. ಊರಲ್ಲಿ ಅಣ್ಣನಂತೂ ಶಾಲೆಯಿಂದ ಬಂದ ಕಾಗದವನ್ನು ತನಗೆ ಬೇಕಾದಷ್ಟು ಓದಿ, ಉಳಿದದ್ದನ್ನು ನುಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮಿಷನ್ನು ಆಕಳಿಸುವುದಿಲ್ಲ, ಪುಟ ಹಾರಿಸುವುದಿಲ್ಲ, 'ಆಮ್ಯಾಲೆ ಓದ್ತೀನಿ ಬಿಡು' ಎನ್ನುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಜಗತ್ತಿನಲ್ಲಿ ಯಾರ ಹಂಗೂ ಇಲ್ಲದೆ ತನಗೊಂದು ಸಂಗತಿ ತಿಳಿಯುತ್ತದೆ ಎಂಬ ಸುಖ ಗಾಳೆಮ್ಮನಿಗೆ ಸಿಕ್ಕಿದ್ದು ಅದರಿಂದಲೇ.

ಇನ್ನು ಆಕೆಗೆ ಬೇಕಿದ್ದದ್ದು ಒಂದು ಬಿ.ಎಡ್. ಸೀಟು. ಬಳ್ಳಾರಿಯ ಶಾಲೆಯಲ್ಲಿ ಆಕೆಗೆ ಬೆರಳು ಹಿಡಿದು ಬ್ರೈಲ್ ಕಲಿಸಿದ ಟೀಚರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. "ಬಿ.ಎಡ್. ಮಾಡ್ಕೊಂಡು ಬಾ. ನನ್ನ ಕುರ್ಚಿ ನಿನಗ," ಎಂದು ಹೇಳಿ ಕಳಿಸಿದ್ದರು. ಹರಪನಹಳ್ಳಿಯ ಬಿ.ಎಡ್. ಕಾಲೇಜಿನಲ್ಲಿ ಅಂಗವಿಕಲರಿಗೆಂದು ಒಂದೇ ಒಂದು ಸೀಟು ಇಟ್ಟಿದ್ದರು. ಗಾಳೆಮ್ಮ ಅರ್ಜಿ ಹಾಕಿದ್ದಳು. ತಾಯಿ ಹುಲುಗಮ್ಮ ಕೂಲಿ ಮಾಡುವವಳು, ಮಗಳ ಪರ ನಿಂತು ಮಗನ ಹತ್ತಿರ ಈ ಒಂದು ವರ್ಷವನ್ನು ಬೇಡಿ ಪಡೆದಿದ್ದಳು. ಸೀಟು ಸಿಕ್ಕರೆ ಸರಿ. ಸಿಗದಿದ್ದರೆ ಗಾಳೆಮ್ಮ ಊರಿಗೆ ಹೋಗಿ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಒಣಹಾಕಿದ ಕಾಳಿಗೆ ಕೋಳಿ ಬಾಯಿ ಹಾಕದಂತೆ ಕೋಲು ಬಡಿಯುತ್ತಿರಬೇಕು. ಹತ್ತನೇ ತರಗತಿ ಮುಗಿದ ಮೇಲಿನ ರಜೆಯೆಲ್ಲ ಆ ಕೆಲಸವೇ ಆಗಿತ್ತು. ಓಣಿಯವರು ಹಾದುಹೋಗುವಾಗ "ಪಾಪ, ಅಷ್ಟರೆ ಕೆಲಸಕ್ಕ ಬಂದ್ಲು," ಎನ್ನುವುದನ್ನು ಆಕೆ ತನ್ನ ಕಿವಿಯಿಂದಲೇ ಕೇಳಿದ್ದಳು.

ಅದೇ ಬಿ.ಎಡ್. ಕಾಲೇಜಿನ ವೆಬ್‌ಸೈಟನ್ನೂ ಅಕೀಲನೇ ಮಾಡಿದ್ದ. ಕಾಲೇಜಿನ ಸೆಕ್ರೆಟರಿ ಪಂಚಾಕ್ಷರಪ್ಪನವರು ಕೆಟ್ಟವರಲ್ಲ. ಅಲಂಕಾರದ ಹುಚ್ಚು ಮಾತ್ರ ಸ್ವಲ್ಪ ಜಾಸ್ತಿ. ತಂಡದವರು ಬರುವ ದಿನ ಪ್ರಕಟಣೆಯ ಜಾಗ ಖಾಲಿಯಿತ್ತು. "ಖಾಲಿ ಬಿಟ್ರೆ ಚೆಂದ ಕಾಣಲ್ಲ ಕಣಪ್ಪ, ಏನಾದ್ರೂ ಹಾಕು," ಎಂದು ಗಂಟುಬಿದ್ದರು. ಕಾಲೇಜಿನ ಗುಮಾಸ್ತ ಮಾರಣ್ಣ ತನಗೆ ಬರುತ್ತಿದ್ದ ಹಳೆಯ ಫಾಂಟಿನಲ್ಲೇ ಪ್ರಕಟಣೆ ಇಲ್ಲವೆಂದು ಟೈಪು ಮಾಡಿ, ಸುತ್ತಲೂ ಹೂಬಳ್ಳಿ ಬಿಡಿಸಿ ಕೊಟ್ಟ. ಅಕೀಲ ಅದನ್ನು ಚಿತ್ರ ಮಾಡಿ ಅಲ್ಲಿ ಕೂರಿಸಿದ.

"ಇದರ ಬೆನ್ನಿಗೆ ಏನ್ ಬರೀಲಿ ತಂಗಿ?"

"ಅಲ್ಲಿ ಏನೈತೋ ಅದನ್ನ ಬರಿ. 'ಸದ್ಯಕ್ಕೆ ಯಾವ ಪ್ರಕಟಣೆಯೂ ಇಲ್ಲ' ಅನ್ನು."

ತಂಡದವರ ಎದುರು ಗಾಳೆಮ್ಮ ಕೂತು ಕೀಲಿಮಣೆಯ ಮೇಲೆ ಬೆರಳಾಡಿಸಿದಳು. ಮಿಷನ್ನು ಕಾಲೇಜಿನ ಹೆಸರಿನಿಂದ ಹಿಡಿದು ಫೋನ್ ನಂಬರಿನವರೆಗೆ ಎಲ್ಲವನ್ನೂ ಒದರಿತು. ಬಂದವರು ಚಪ್ಪಾಳೆ ತಟ್ಟಿದರು. ಪಂಚಾಕ್ಷರಪ್ಪನವರು ಒಂದು ಕಾಗದ ತಂದರು, ಅದರಲ್ಲಿದ್ದದ್ದನ್ನು ಓದಿ ಹೇಳಿದರು: ನಾನು ಅಂಧಳಾಗಿದ್ದು, ಈ ವೆಬ್‌ಸೈಟಿನಲ್ಲಿರುವ ಎಲ್ಲವನ್ನೂ ಯಾರ ಸಹಾಯವೂ ಇಲ್ಲದೆ ತಿಳಿಯಬಲ್ಲೆ. ಹೆಬ್ಬೆಟ್ಟಿಗೆ ಮಸಿ ಹಚ್ಚಲು ಬಂದ ಮಾರಣ್ಣನ ಕೈ ಸರಿಸಿ ಗಾಳೆಮ್ಮ ಪೆನ್ನು ಕೇಳಿ ತೆಗೆದುಕೊಂಡು ಸಹಿ ಮಾಡಿದಳು. ಆ ದಿನ ಆಕೆಗಾದ ಹಿಗ್ಗು ನೋಡಿದವರಿಗೇ ಗೊತ್ತು.

ಎದ್ದು ಹೊರಡುವಾಗ ಮಾರಣ್ಣ, "ಇಂಟರ್‌ವ್ಯೂ ತಾರೀಖು ಗೊತ್ತಾದ್ರೆ ನಿನಗೊಂದು ಕಾರ್ಡು ಬರೀತೀನವ್ವಾ," ಎಂದ.

"ಕಾರ್ಡು ಬ್ಯಾಡ್ರಿ. ಕಾರ್ಡು ಬಂದ್ರ ಮತ್ತೊಬ್ರು ಓದಬೇಕು. ನಾ ದಿನಾ ವೆಬ್‌ಸೈಟ್ ಕೇಳ್ತೀನಿ," ಎಂದಳು ಗಾಳೆಮ್ಮ.

ಅಕೀಲನಿಗೂ ಅದೇ ಮಾತು. ಅವನು ಕಾಲೇಜಿಗೆ ಫೋನು ಮಾಡಿ ವಿಚಾರಿಸಲೇ ಎಂದಾಗ, "ನೀ ಕೇಳಬ್ಯಾಡಣ್ಣ. ನನ್ನ ಸುದ್ದಿ ನಾನಾ ಓದ್ಬೇಕು," ಎಂದು ಬಾಯಿ ಮುಚ್ಚಿಸಿದಳು. ಅವನೂ ನಕ್ಕು ಸುಮ್ಮನಾದ. ಸ್ವಲ್ಪ ದಿನಕ್ಕೆ ಹಡಗಲಿಯ ಇನ್ನೊಂದು ಕಾಲೇಜಿನ ಕೆಲಸ ಬಂತು, ಅವನು ಅಲ್ಲೇ ಠಿಕಾಣಿ ಹೂಡಿದ. ಹೋಗುವ ಮುಂಚೆ ಬಿ.ಎಡ್. ಕಾಲೇಜಿನ ಮಾರಣ್ಣನಿಗೆ, ತಾನಿಲ್ಲದಾಗ ಪ್ರಕಟಣೆ ಬದಲಿಸುವ ಸುಲಭದ ದಾರಿ ಕಲಿಸಿಕೊಟ್ಟು ಹೋಗಿದ್ದ: ಟೈಪು ಮಾಡಿ, ಚಿತ್ರ ಮಾಡಿ, ಹಳೆಯ ಚಿತ್ರದ ಹೆಸರನ್ನೇ ಇಟ್ಟು ಮೇಲೆ ಏರಿಸಿಬಿಡು, ಹಳೆಯದು ಹೋಗಿ ಹೊಸದು ಬಂದು ಕೂರುತ್ತದೆ. ಬೆನ್ನಿನ ಮಾತಿನ ಸುದ್ದಿ ಅವನೂ ತೆಗೆಯಲಿಲ್ಲ, ಮಾರಣ್ಣನೂ ಕೇಳಲಿಲ್ಲ.

ಗಾಳೆಮ್ಮ ದಿನವೂ ಬೆಳಿಗ್ಗೆ ಸೆಂಟರಿಗೆ ಬಂದವಳೇ ಮೊದಲು ಆ ಪುಟ ತೆರೆಯುತ್ತಿದ್ದಳು. ಸದ್ಯಕ್ಕೆ ಯಾವ ಪ್ರಕಟಣೆಯೂ ಇಲ್ಲ. ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ನೊಮ್ಮೆ. ಸದ್ಯಕ್ಕೆ ಯಾವ ಪ್ರಕಟಣೆಯೂ ಇಲ್ಲ. ತಡವಾಗುತ್ತಿದೆಯಲ್ಲ ಎಂದು ಆಗಾಗ ಅಳುಕು ಮೂಡುತ್ತಿತ್ತು. ಸರ್ಕಾರದ ಕೆಲಸ, ಮಂಡಳಿಯ ಕೆಲಸ, ಯಾವುದು ಹೊತ್ತಿಗೆ ಸರಿಯಾಗಿ ಆಗಿದೆ ಎಂದು ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಸಂಜೆ ತಾನು ಉಳಿದುಕೊಂಡಿದ್ದ ಚಿಗವ್ವನ ಮನೆಗೆ ಹೋದ ಮೇಲೆ, ಹಾಸಿಗೆಯಲ್ಲಿ ಕೂತು, ಇಂಟರ್‌ವ್ಯೂನಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳುತ್ತಿದ್ದಳು. "ಕಣ್ಣಿಲ್ಲದೆ ಮಕ್ಕಳನ್ನ ಹೆಂಗ ಸಂಬಾಳಿಸ್ತಿ?" ಎಂದು ತಾನೇ ದಪ್ಪ ದನಿಯಲ್ಲಿ ಕೇಳುವುದು, "ದನಿ ಹಿಡಿದು ಹೆಸರು ಕರೀತೀನಿ ಸರ್, ಒಬ್ಬೊಬ್ಬರ ಹೆಜ್ಜಿ ಸಪ್ಪಳ ಕೂಡ ಕಲ್ತಕೊಂತೀನಿ," ಎಂದು ತಾನೇ ಹೇಳುವುದು.

ಒಂದು ದಿನ ಸೆಂಟರಿಗೆ ಚಿಗಟೇರಿಯ ಪಂಪಮ್ಮ ಎಂಬ ಹುಡುಗಿ ಜೆರಾಕ್ಸ್ ಮಾಡಿಸಲು ಬಂದಳು. ಖುಷಿ ಅವಳ ದನಿಯಲ್ಲೇ ತುಳುಕುತ್ತಿತ್ತು. ಅಪರಿಚಿತರ ಹತ್ತಿರವೂ ಹೇಳಿಕೊಳ್ಳದೆ ಇರಲಾರದಷ್ಟು.

"ಬಿ.ಎಡ್. ಸೀಟ್ ಸಿಕ್ತಕ್ಕಾ! ವೇಟಿಂಗ್‌ನಾಗಿದ್ದೆ. ಯಾರೋ ಒಬ್ರು ಬರ್ಲಿಲ್ಲಂತ, ಆ ಸೀಟು ನನಗ ಬಂತು. ನಮ್ಮಪ್ಪ ಊರಿಗೆಲ್ಲ ಸಕ್ಕರಿ ಹಂಚ್ಯಾನ."

"ಚಲೋ ಆತು ಬಿಡು ತಂಗಿ," ಎಂದಳು ಗಾಳೆಮ್ಮ. ನಿಜವಾಗಿ ಖುಷಿಯಿಂದಲೇ ಎಂದಳು. "ಯಾವ ಊರಿನ ಕಾಲೇಜು?"

"ಇಲ್ಲೇ, ಹರಪನಹಳ್ಳಿದು."

ಗಾಳೆಮ್ಮ ಅವಳ ದನಿಯತ್ತ ತಿರುಗಿದಳು. "ಇಲ್ಲೀದ? ಇಲ್ಲಿಂದು ಇನ್ನಾ ಇಂಟರ್‌ವ್ಯೂನಾ ಆಗಿಲ್ಲಲ್ಲ?"

"ಯಾವಾಗೋ ಆಗೇತಿ! ವೆಬ್‌ಸೈಟ್‌ನಾಗ ಹಾಕಿದ್ರಲ್ಲ. ಈಗ್ಲೂ ಐತಿ ಬೇಕಾದ್ರ ನೋಡು."

ಗಾಳೆಮ್ಮ ಹೆಡ್‌ಫೋನಿನ ವೈರು ಕಿತ್ತು ಮಿಷನ್ನಿನ ದನಿ ಹೊರಗೆ ಕೇಳುವಂತೆ ಮಾಡಿದಳು. ಪುಟ ತೆರೆದಳು. ಪ್ರಕಟಣೆಯ ಜಾಗಕ್ಕೆ ಬಂದು ನಿಂತಾಗ ಮಿಷನ್ನು ತನ್ನ ಎಂದಿನ ಸಪ್ಪೆ ದನಿಯಲ್ಲಿ ಹೇಳಿತು: "ಸದ್ಯಕ್ಕೆ ಯಾವ ಪ್ರಕಟಣೆಯೂ ಇಲ್ಲ."

"ಅದೇನ್ ಹಂಗ ಅಂತೈತಿ? ಇಲ್ಲೇ ಐತಲ್ಲಕ್ಕಾ," ಎಂದು ಪಂಪಮ್ಮ ಪರದೆಯ ಹತ್ತಿರ ಬಗ್ಗಿ ಓದತೊಡಗಿದಳು. "ಬಿ.ಎಡ್. ಪ್ರವೇಶ ಸಂದರ್ಶನ. ಅಂಗವಿಕಲ ಅಭ್ಯರ್ಥಿಗಳು ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಹಾಜರಾಗದಿದ್ದಲ್ಲಿ ಸದರಿ ಸೀಟನ್ನು ಇತರರಿಗೆ ನೀಡಲಾಗುವುದು."

ಗಾಳೆಮ್ಮ ಮತ್ತೆ ಕೀಲಿ ಒತ್ತಿದಳು. "ಸದ್ಯಕ್ಕೆ ಯಾವ ಪ್ರಕಟಣೆಯೂ ಇಲ್ಲ." ಮತ್ತೆ ಒತ್ತಿದಳು. ಮತ್ತೆ ಅದೇ. ಆ ಸಾಲು ತನ್ನದೇ ಎಂದು ಆಗ ಆಕೆಗೆ ಹೊಳೆಯಿತು. ತಂಡದವರು ಬಂದ ದಿನ ಅಕೀಲನ ಪಕ್ಕ ಕೂತು ತಾನೇ ಹೇಳಿ ಬರೆಸಿದ ಮಾತು. ಎದುರಿನ ಚಿತ್ರ ಬದಲಾಗಿದೆ, ಬೆನ್ನಿನ ಮಾತು ಹಾಗೇ ಉಳಿದಿದೆ. ಇಷ್ಟು ದಿನ ಆಕೆ ಕಿವಿಗೊಟ್ಟು ಕೇಳಿದ್ದು ತನ್ನ ಮಾತನ್ನೇ.

"ಯಾಕಕ್ಕಾ, ಮೈಯಾಗ ಆರಾಮಿಲ್ಲೇನು?" ಎಂದಳು ಪಂಪಮ್ಮ.

"ಏನಿಲ್ಲ ತಂಗಿ. ಚಲೋತಂಗ ಓದು," ಎಂದಳು ಗಾಳೆಮ್ಮ. ಬಾರದೆ ಇದ್ದ ಆ ಒಬ್ಬರು ಯಾರೆಂದು ಅವಳಿಗೆ ಹೇಳಲಿಲ್ಲ.

ಕಾಲೇಜಿಗೆ ಆಟೋದಲ್ಲಿ ಹೋದಳು. ಮಾರಣ್ಣ ಆಕೆಯ ದನಿ ಕೇಳಿದ್ದೇ, "ಎಲ್ಲಿ ಹೋಗಿದ್ದೆವ್ವಾ? ಅವತ್ತು ಸಂಜೀತನ ನಿನ್ನ ಹೆಸರು ಕೂಗಿದ್ದೇ ಕೂಗಿದ್ದು!" ಎಂದ. ಗಾಳೆಮ್ಮ ಸಂಗತಿ ಹೇಳಿದಳು. "ಕಾರ್ಡು ಹಾಕ್ತೀನಂದ್ರೆ ನೀನೇ ಬ್ಯಾಡಂದೆಲ್ಲವ್ವಾ," ಎಂದು ಗೊಣಗಿದ. ಅದು ಸುಳ್ಳೇನಲ್ಲ. ಪಂಚಾಕ್ಷರಪ್ಪನವರು ಕುರ್ಚಿ ಎಳೆದು ಕೂರಿಸಿ, ನೀರು ತರಿಸಿ ಕೊಟ್ಟು, ಕೊನೆಗೆ ಹೇಳಿದರು:

"ನೋಡವ್ವಾ, ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಪ್ರಕಟಣೆ ಇತ್ತಲ್ಲ. ಎಲ್ಲಾನೂ ಯಾರ ಸಹಾಯ ಇಲ್ದೆ ತಿಳೀತೈತೆ ಅಂತ ನೀನೇ ಸಹಿ ಹಾಕಿ ಕೊಟ್ಟೀಯ. ಆ ಕಾಗದ ಮೇಲಕ್ಕೆ ಹೋಗೇತೆ. ಈಗ ತಿಳೀಲಿಲ್ಲ ಅಂದ್ರೆ ಯಾರು ಕೇಳ್ತಾರೆ ಹೇಳು? ಸೀಟು ತುಂಬಿತು. ಆ ಹುಡುಗಿ ಫೀಸೂ ಕಟ್ಟಿದ್ಲು."

ಹೆಬ್ಬೆಟ್ಟು ಬೇಡ, ಸಹಿ ಮಾಡ್ತೀನಿ ಎಂದವಳು ತಾನೇ. ಗಾಳೆಮ್ಮ ಕೈಮುಗಿದು ಎದ್ದು ಬಂದಳು.

ಸುದ್ದಿ ಕೇಳಿ ಅಕೀಲ ಹಡಗಲಿಯ ಕೆಲಸ ಅರ್ಧಕ್ಕೇ ಬಿಟ್ಟು ಬಂದ. ಮೆಟ್ಟಿಲು ಹತ್ತುವ ಅವನ ಹೆಜ್ಜೆಯಲ್ಲೇ ಗಾಳೆಮ್ಮನಿಗೆ ಅವನ ಸ್ಥಿತಿ ತಿಳಿಯಿತು. ಬಂದವನೇ ಹೆಡ್‌ಫೋನ್ ಹಾಕಿಕೊಂಡು ಆ ಪುಟವನ್ನು ಕೇಳಿದ. ಆಮೇಲೆ ಅವನ ಉಸಿರು ತಡೆತಡೆದು ಬಂತು. ಅಳುತ್ತಿದ್ದಾನೆ ಎಂದು ಗಾಳೆಮ್ಮನಿಗೆ ಗೊತ್ತಾಯಿತು. ಗಂಡಸರು ಬಾಯಿ ಮುಚ್ಚಿಕೊಂಡು ಅತ್ತರೂ ಆಕೆಗೆ ಕೇಳಿಸುತ್ತದೆ.

"ಮಾರಣ್ಣಗ ಅದೇ ಹೆಸರಿಗೆ ಹಾಕು ಅಂತ ಹೇಳಿದವನು ನಾನಾ. ನಾ ಹೇಳಿಕೊಟ್ಟಂಗ ಮಾಡ್ಯಾನ ಅವ. ಊರೂರು ತಿರುಗಿ ಮಂದಿಗೆ ಬುದ್ಧಿ ಹೇಳಿದೆ ತಂಗಿ, ನಂದೇ ಮರ್ತೆ." ಮುಖ ಒರೆಸಿಕೊಂಡು ಗಟ್ಟಿಯಾಗಿ ಹೇಳಿದ: "ತಂಡದವರಿಗೆ ಬರಿಯೋಣು. ಈ ವೆಬ್‌ಸೈಟ್ ಸರಿಯಿಲ್ಲ, ಇದರಿಂದ ನನಗ ಅನ್ಯಾಯ ಆಗೇತಿ ಅಂತ ನೀ ಬರಿ. ನಾನೂ ಸಹಿ ಹಾಕ್ತೀನಿ. ನನ್ನ ಧಂದೆ ಹೋದ್ರ ಹೋಗ್ಲಿ. ಮಾನ್ಯತೆಗೆ ಕುತ್ತು ಬಂದ್ರ ಸೆಕ್ರೆಟರಿ ತಾನಾ ಕರೆದು ಸೀಟು ಕೊಡ್ತಾರ."

"ಯಾರ ಸೀಟು ಅಣ್ಣ?"

ಅಕೀಲ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟ.

"ಆ ಹುಡುಗಿ ಅಪ್ಪ ಊರಿಗೆಲ್ಲ ಸಕ್ಕರಿ ಹಂಚ್ಯಾನಂತ. ಆಕಿದು ಕಸ್ಕೊಂಡು ನಾ ಯಾವ ಮಕ್ಕಳಿಗೆ ಏನ್ ಪಾಠ ಹೇಳ್ಲಿ?" ಎಂದಳು ಗಾಳೆಮ್ಮ. ಆಕೆಗೆ ಸೀಟಿನ ಆಸೆ ಆಗಲೂ ಸತ್ತಿರಲಿಲ್ಲ.

"ಹಂಗಾರ ಸೆಂಟರ್ ಬಿಡಬ್ಯಾಡ. ನಿಮ್ಮಣ್ಣಗ ನಾ ಹೇಳ್ತೀನಿ. ಮುಂದಿನ ವರ್ಷ ನೋಡೋಣು."

"ಅವ ಇನ್ನೊಂದು ವರ್ಷ ಕೊಡಲ್ಲ. ಅದೂ ಹೋಗ್ಲಿ..." ಎಂದು ಗಾಳೆಮ್ಮ ತಡೆದಳು. "ನಿನ್ನೆಯಿಂದ ಮಿಷನ್ ಏನ್ ಓದಿದ್ರೂ, ಖರೇನ ಐತೋ ಇಲ್ಲೋ ಅನಿಸ್ತೈತಿ. ಮತ್ತೊಬ್ರನ್ನ ಕರೆದು ಓದಿಸಿ ಕೇಳಬೇಕು ಅನಿಸ್ತೈತಿ. ನಾ ಈ ಕೆಲಸಕ್ಕ ಇನ್ನ ಬರಲ್ಲಣ್ಣ."

ಅಕೀಲ ಕೀಲಿಮಣೆ ಹತ್ತಿರ ಎಳೆದುಕೊಂಡ. ಹಳೆಯ ಸಾಲು ಅಳಿಸುವ ಟಪಟಪ ಸದ್ದು ಬಂತು. "ಈಗ ಏನ್ ಬರೀಲಿ?" ಎಂದು ಕೇಳಿದ.

"ಪ್ರವೇಶ ಮುಗಿದಿದೆ ಅಂತ ಬರಿ," ಎಂದಳು ಗಾಳೆಮ್ಮ.

ಬಳ್ಳಾರಿಯ ಟೀಚರಿಗೆ ಫೋನು ಮಾಡುವ ಧೈರ್ಯ ಆಕೆಗಾಗಲಿಲ್ಲ. ಹುಲುಗಮ್ಮ ಮಗಳನ್ನು ಕರೆದೊಯ್ಯಲು ಬಂದಳು. ಬೈಯಲಿಲ್ಲ, ಅಳಲಿಲ್ಲ. "ನಾ ಇರೋಮಟ ನೀ ಯಾತಕ್ಕೂ ಚಿಂತಿ ಮಾಡಬ್ಯಾಡ," ಎಂದಷ್ಟೇ ಹೇಳಿ ಟ್ರಂಕು ತಲೆ ಮೇಲೆ ಇಟ್ಟುಕೊಂಡು ನಡೆದಳು. ಅಕೀಲ ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಬಂದ. ಗಾಳೆಮ್ಮ ಅವನ ಕೈ ತಡವಿ ಹಿಡಿದು, "ಸಿಟ್ಟಿಲ್ಲಣ್ಣ," ಎಂದಳು. ಅವನು ಅಲ್ಲಿ ನಿಲ್ಲಲಾರದೆ ಹೊರಟುಹೋದ.

ಹರಪನಹಳ್ಳಿ ಬಸ್‌ಸ್ಟ್ಯಾಂಡು ಎಂದಿನಂತೆ ಗಿಜಿಗಿಜಿ ಎನ್ನುತ್ತಿತ್ತು. ಬಸ್ಸೊಂದು ಬಂದು ನಿಂತಿತು. ಹುಲುಗಮ್ಮನಿಗೆ ಬೋರ್ಡು ಓದಲು ಬರುವುದಿಲ್ಲ, ಪಕ್ಕದವರನ್ನು ಕೇಳಿ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳವ್ವಾ, ಕೂಡ್ಲಿಗಿ ಬಸ್ ಬಂತು."

"ಯಾರು ಹೇಳಿದ್ರು?"

"ಇಲ್ಲೇ ಕುಂತಿದ್ದ ಯಜಮಾನ್ರು."

"ಇನ್ನೊಬ್ರನ್ನ ಕೇಳು."

ಹುಲುಗಮ್ಮ ಒಬ್ಬ ಹುಡುಗಿಯನ್ನು ಕೇಳಿದಳು. ಹೌದು, ಕೊಟ್ಟೂರು ಮೇಲೆ ಕೂಡ್ಲಿಗಿಗೇ ಹೋಗುತ್ತದೆ ಎಂದಳು ಆ ಹುಡುಗಿ. ಗಾಳೆಮ್ಮ ಹೆಜ್ಜೆ ಕೀಳಲಿಲ್ಲ.

"ಡ್ರೈವರ್‌ನ ಕೇಳವ್ವಾ."

"ಯಾಕ ಹಿಂಗ ಮಾಡ್ತಿ? ಎಲ್ಲಾರೂ ಸೇರಿ ಸುಳ್ಳ ಹೇಳ್ತಾರೇನು?"

"ಯಾರೂ ಸುಳ್ಳ ಹೇಳಲ್ಲವ್ವಾ," ಎಂದಳು ಗಾಳೆಮ್ಮ. "ನನಗ ಯಾರೂ ಸುಳ್ಳ ಹೇಳ್ಲಿಲ್ಲ." ಅಲ್ಲಿಯವರೆಗೆ ತಡೆದದ್ದೆಲ್ಲ ಆಗ ಒಡೆಯಿತು. ಅಷ್ಟು ಜನರ ನಡುವೆ ತಾಯಿಯ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಹುಲುಗಮ್ಮ ಟ್ರಂಕು ಕೆಳಗಿಟ್ಟು, ಮಗಳ ಬೆನ್ನು ಸವರಿ, ಸೆರಗಿನಿಂದ ಮುಖ ಒರೆಸಿ, ಕಂಡಕ್ಟರನನ್ನೂ ಕೇಳಿ ಹೇಗೋ ಬಸ್ಸು ಹತ್ತಿಸಿದಳು.

ಬಸ್ಸು ಹೊರಟಿತು. ಕಂಡಕ್ಟರು ಟಿಕೆಟ್ ಟಿಕೆಟ್ ಎನ್ನುತ್ತಾ ಬಂದ.

"ಇದು ಎಲ್ಲಿಗೆ ಹೋಗ್ತೈತ್ರಿ?" ಎಂದು ಕೇಳಿದಳು ಗಾಳೆಮ್ಮ.

"ಕೂಡ್ಲಿಗಿಗೆ. ಹತ್ತೋವಾಗ ನಿಮ್ಮವ್ವಗ ಹೇಳಿದ್ನಲ್ಲವ್ವಾ. ಎಷ್ಟು ಸಲ ಹೇಳ್ಲಿ?"

"ಇನ್ನೊಮ್ಮೆ ಹೇಳ್ರಿ," ಎಂದಳು ಗಾಳೆಮ್ಮ.